ಏನು ಮಾಡುವುದು?

‘ಏನು ಮಾಡುವುದು?’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ದಿಕ್ಕು ತೋಚದವನು ಹಣೆಗೆ ಕೈ ಹಚ್ಚಿಕೊಂಡು ಆಡುವ ಮಾತು ಅದೇ; ಕುಂಬಾರನು ಮಣ್ಣನ್ನು ಹದಮಾಡಿ ಚಕ್ರದ ಮೇಲಿಟ್ಟು, ಕುಡಿಕೆಯೋ ಹಣತೆಯೋ ಎಂದು ತನ್ನನ್ನು ತಾನು ಕೇಳಿಕೊಳ್ಳುವ ಮಾತೂ ಅದೇ. ಕುಂಬಾರನಿಗೆ ಈ ಪ್ರಶ್ನೆ ಬಹಳ ಹೊತ್ತು ಉಳಿಯುವುದಿಲ್ಲ. ದೀಪಾವಳಿ ಹತ್ತಿರವಾದರೆ ಹಣತೆ, ಬೇಸಗೆ ಬಂದರೆ ಹೂಜಿ. ಊರಿನ ಅಗತ್ಯವೇ ಅವನ ಪರವಾಗಿ ಯೋಚಿಸಿ ಮುಗಿಸಿರುತ್ತದೆ. ಆದರೆ ಕೈಯಾರೆ ಮಾಡಿ ಕಲಿಯುವ ತರಗತಿಯೊಂದಕ್ಕೆ ಸೇರಿ, ವರ್ಷವಿಡೀ ಉಪಕರಣಗಳನ್ನು ಹಿಡಿಯಲು ಕಲಿತು, ಕೊನೆಗೆ ‘ನಿನ್ನದೇ ಒಂದು ವಸ್ತುವನ್ನು ಮಾಡಿ ತಾ’ ಎಂಬ ಆಜ್ಞೆಯನ್ನು ಪಡೆದ ವಿದ್ಯಾರ್ಥಿಗೆ ಆ ಎರಡು ಅರ್ಥಗಳೂ ಏಕಕಾಲಕ್ಕೆ ಎದುರಾಗಿ ನಿಲ್ಲುತ್ತವೆ. ಏನನ್ನು ಮಾಡಬೇಕೆಂಬುದು ತಿಳಿಯದೆ, ಅಯ್ಯೋ ಏನು ಮಾಡುವುದು ಎಂದು ಅವನು ಕೈಚೆಲ್ಲಿ ಕೂರುತ್ತಾನೆ.

ಹಿಂದಿನವರಿಗೆ ಈ ಸಂಕಟವಿರಲಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕ ಶಿಕ್ಷಣವೆಂಬ ವಿಚಾರವನ್ನು ಮುಂದಿಟ್ಟ ಮೇಲೆ ಅನೇಕ ಶಾಲೆಗಳಿಗೆ ತಕಲಿ ಬಂದಿತು. ತಕಲಿಯನ್ನು ತಿರುಗಿಸಿದರೆ ನೂಲು ಬರಬೇಕು; ನೂಲಲ್ಲದೆ ಬೇರೇನೂ ಬರುವ ಅಪಾಯವಿರಲಿಲ್ಲ. ಮುಂದೆ ಕಸೂತಿ ಬಂದಿತು, ಪ್ಲಾಸ್ಟಿಕ್ ತಂತಿಯ ಚೀಲ ಬಂದಿತು, ಬೆಂಕಿಕಡ್ಡಿಯ ಮನೆ ಬಂದಿತು. ಅವೆಲ್ಲಕ್ಕೂ ಮಾದರಿ ಸಿದ್ಧವಾಗಿರುತ್ತಿತ್ತು. ಕೈ ಓಡಿದರೆ ಸಾಕು, ತಲೆ ಓಡಬೇಕಾಗಿರಲಿಲ್ಲ. 2016ರಿಂದ ಈಚೆಗೆ ಕೇಂದ್ರ ಸರ್ಕಾರದ ಯೋಜನೆಯ ಅಡಿಯಲ್ಲಿ ‘ಅಟಲ್ ಟಿಂಕರಿಂಗ್ ಲ್ಯಾಬ್’ ಎಂಬ ಕಮ್ಮಟಗಳು ದೇಶದ ಹತ್ತು ಸಾವಿರ ಶಾಲೆಗಳಲ್ಲಿ ತೆರೆದಿವೆ. ಒಂದೊಂದು ಶಾಲೆಗೂ 20 ಲಕ್ಷ ರೂಪಾಯಿಯವರೆಗಿನ ನೆರವುಂಟು. ಪದರ ಪದರವಾಗಿ ಪ್ಲಾಸ್ಟಿಕ್ಕನ್ನು ಸುರಿದು ವಸ್ತುವನ್ನು ಎರೆಯುವ ಮುದ್ರಣಯಂತ್ರ, ಬೆರಳಗಲದ ಗಣಕಫಲಕ, ಬೆಳಕನ್ನೂ ಶಬ್ದವನ್ನೂ ದೂರವನ್ನೂ ಅರಿಯುವ ಸಂವೇದಕಗಳು, ಪುಟ್ಟ ಮೋಟಾರುಗಳು, ಎಲ್ಲವೂ ಅಲ್ಲಿ ಉಂಟು. ಇಲ್ಲದಿರುವುದು ಒಂದೇ: ಏನು ಮಾಡಬೇಕೆಂಬ ಉತ್ತರ.

ಬೆಂಗಳೂರಿನ ಬಸವನಗುಡಿಯ ಒಂದು ಮನೆಗೂ ಈ ಪ್ರಶ್ನೆ ಒಂದು ಪುಷ್ಯಮಾಸದಲ್ಲಿ ಬಂದಿತು. ತಂದವಳು ಆ ಮನೆಯ ಒಂಬತ್ತನೆಯ ತರಗತಿಯ ಹುಡುಗಿ. ಐದು ವಾರಗಳ ಅವಧಿ, ಒಂಟಿಯಾಗಿ ಮಾಡಬೇಕು, ಕೊಂಡು ತಂದ ಸಿದ್ಧವಸ್ತು ಸಲ್ಲದು, ಮನೆಯ ವಿದ್ಯುತ್ತಿನ 230 ವೋಲ್ಟಿನ ತಂತಿಯನ್ನು ಯಾವ ಕಾರಣಕ್ಕೂ ಮುಟ್ಟಕೂಡದು. ಇವಿಷ್ಟು ನಿಯಮಗಳು. ರಾತ್ರಿಯ ಊಟವಾದ ಮೇಲೆ ಕುಟುಂಬದ ಮಹಾಸಭೆ ಸೇರಿತು.

ಬ್ಯಾಂಕಿನಲ್ಲಿರುವ ತಂದೆಯವರು, ಅಂಕಗಳು ಬರುವಂಥದ್ದನ್ನು ಮಾಡಬೇಕೆಂದರು. ಆ ವಸ್ತು ಯಾವುದೆಂದು ಹೇಳಲಿಲ್ಲ. ತಾಯಿಯವರು, ಏನಾದರೂ ಮಾಡಲಿ, ಊಟದ ಮೇಜಿನ ಮೇಲೆ ಮಾತ್ರ ಬೆಸುಗೆ ಹಾಕುವುದು ಬೇಡವೆಂದರು. ಹಾಸನದಿಂದ ದೂರವಾಣಿಯಲ್ಲಿ ಸಭೆಗೆ ಸೇರಿದ ಸೋದರಮಾವ, ಸೂರ್ಯನ ಶಾಖದಿಂದ ಓಡುವ ಕಾರನ್ನು ಮಾಡೆಂದು ಹುರಿದುಂಬಿಸಿದರು. ಅವರಿಗೆ ಎಲ್ಲ ಮಕ್ಕಳಿಗೂ ಕೊಡಲು ಇರುವ ಸಲಹೆ ಅದೊಂದೇ. ಇಂಜಿನಿಯರಿಂಗ್ ಓದುತ್ತಿರುವ ಅಣ್ಣನು, ಸದರ ಪತ್ರಪ್ಪ ರಸ್ತೆಗೆ ಹೋದರೆ ಮುಗಿಸಿದ ಕೃತಿಗಳೇ ವರದಿಯ ಸಮೇತ ಸಿಗುತ್ತವೆಂದು ಮೆಲ್ಲಗೆ ತಿಳಿಸಿ, ತಾಯಿಯ ಕಣ್ಣನ್ನು ಕಂಡು ಸುಮ್ಮನಾದನು. ಮೂಲೆಯಲ್ಲಿ ಮಣೆಯ ಮೇಲೆ ಕುಳಿತು ಅವರೆಕಾಳನ್ನು ಹಿಸುಕುತ್ತಿದ್ದ ಅಜ್ಜಿ ಮಾತ್ರ ಏನನ್ನೂ ಹೇಳಲಿಲ್ಲ. ಅವರಿಗೆ ಕಿವಿ ಮಂದ. ಸಭೆಯಲ್ಲಿ ನಡೆದ ಚರ್ಚೆ ಅವರಿಗೆ ಅರ್ಧವೂ ಕೇಳಿರಲಿಲ್ಲ.

ಹುಡುಗಿಯ ಪುಸ್ತಕದ ಹಾಳೆಯ ಮೇಲೆ ಆ ರಾತ್ರಿ ನಾಲ್ಕು ವಸ್ತುಗಳು ಮೂಡಿದವು: ಗಿಡಕ್ಕೆ ತಾನೇ ನೀರೆರೆಯುವ ಯಂತ್ರ, ಕೈಯೊಡ್ಡಿದರೆ ಬಾಯ್ದೆರೆಯುವ ಕಸದ ಬುಟ್ಟಿ, ಕಪ್ಪು ಗೆರೆಯ ಮೇಲೆ ಓಡುವ ಗಾಡಿ, ಎದುರಿಗೆ ತಡೆ ಬಂದರೆ ಕೂಗುವ ಅಂಧರ ಊರುಗೋಲು. ಯಾವ ವಿಜ್ಞಾನ ಪ್ರದರ್ಶನಕ್ಕೆ ಹೋದರೂ ಈ ನಾಲ್ವರು ಮಹನೀಯರ ದರ್ಶನವಾಗುತ್ತದೆ. ಅವುಗಳಲ್ಲಿ ದೋಷವೇನೂ ಇಲ್ಲ. ಸಂವೇದಕವೊಂದನ್ನು ಮೋಟಾರಿಗೆ ಜೋಡಿಸುವುದನ್ನು ಕಲಿಯಲು ಒಳ್ಳೆಯ ಪಾಠಗಳೇ. ಆದರೆ ಊರುಗೋಲನ್ನು ಮಾಡುವ ನೂರು ಮಕ್ಕಳಲ್ಲಿ ಕಣ್ಣಿಲ್ಲದವರೊಬ್ಬರೊಡನೆ ಅರ್ಧ ಗಂಟೆ ನಡೆದವರು ಎಷ್ಟು ಮಂದಿ? ಬುಟ್ಟಿಯ ಮುಚ್ಚಳವನ್ನು ಕೈಯಿಂದ ತೆರೆಯಲಾರದೆ ಸಂಕಟಪಟ್ಟವರು ಯಾರು? ಇಂಥ ವಸ್ತುವಿನ ಆಯುಷ್ಯ ಪ್ರದರ್ಶನದ ಸಂಜೆಯವರೆಗೆ. ಅನಂತರ ಅದಕ್ಕೆ ಅಟ್ಟವೇ ಗತಿ.

ಭಾನುವಾರ ಅಣ್ಣನು ತನ್ನ ಕಾಲೇಜಿನಲ್ಲಿ ಕಲಿತ ಒಂದು ವಿದ್ಯೆಯನ್ನು ಹೊರತೆಗೆದನು. ಅದರ ಹೆಸರು ಬ್ರೈನ್‌ಸ್ಟಾರ್ಮಿಂಗ್. ಮಿದುಳಿನಲ್ಲಿ ಬಿರುಗಾಳಿಯನ್ನೆಬ್ಬಿಸುವುದು ಎಂದಾಗಬಹುದು. ಅದನ್ನು ಪ್ರಚಾರಕ್ಕೆ ತಂದವರು ವಿಜ್ಞಾನಿಯಲ್ಲ, ಅಮೆರಿಕದ ಜಾಹೀರಾತು ಸಂಸ್ಥೆಯೊಂದರ ಒಡೆಯರಲ್ಲೊಬ್ಬರಾದ ಅಲೆಕ್ಸ್ ಆಸ್ಬರ್ನ್. 1953ರಲ್ಲಿ ಪ್ರಕಟವಾದ ಅವರ ಗ್ರಂಥವೊಂದು ಇದಕ್ಕೆ ನಾಲ್ಕು ಸೂತ್ರಗಳನ್ನು ಹಾಕಿಕೊಟ್ಟಿತು: ಯಾರ ಮಾತನ್ನೂ ಹಳಿಯಬಾರದು, ಹುಚ್ಚು ಯೋಚನೆಗಳಿಗೂ ಸ್ವಾಗತವಿರಬೇಕು, ಗುಣಕ್ಕಿಂತ ಮೊದಲು ಸಂಖ್ಯೆ ಬೆಳೆಯಬೇಕು, ಒಬ್ಬರ ಯೋಚನೆಗೆ ಇನ್ನೊಬ್ಬರು ಕಸಿ ಕಟ್ಟಬೇಕು. ಕಾಫಿಯ ತಟ್ಟೆಯ ಸುತ್ತ ಕುಳಿತು ಮನೆಯವರೆಲ್ಲ ಚೀಟಿಗಳ ಮೇಲೆ ಬರೆದರು. ಮೊದಲನೆಯ ಸೂತ್ರ ಏಳು ನಿಮಿಷ ಬಾಳಿತು. ತಂದೆಯವರು ಮಗನ ಚೀಟಿಯನ್ನು ನೋಡಿ ನಕ್ಕರು. ಮಗನು ಬರೆಯುವುದನ್ನು ನಿಲ್ಲಿಸಿದನು. ತಾಯಿಯವರು ಹಾಲುಕ್ಕಿತೆಂದು ಎದ್ದರು. ಉಳಿದ ಚೀಟಿಗಳಲ್ಲಿ ಅರ್ಧ, ತಂದೆಯವರು ಮೊದಲು ಹೇಳಿದ್ದರ ಸುತ್ತಲೇ ಗಾಣದೆತ್ತಿನಂತೆ ತಿರುಗಿದ್ದವು.

ಇದು ಆ ಮನೆಯ ದೌರ್ಬಲ್ಯವೇನೂ ಅಲ್ಲ. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಈ ವಿದ್ಯೆಯನ್ನು ಪರೀಕ್ಷೆಗೆ ಒಡ್ಡಿದರು. ನಾಲ್ವರನ್ನು ಒಂದೆಡೆ ಕೂರಿಸಿ ಯೋಚಿಸಲು ಹಚ್ಚಿದರು. ಬೇರೆ ನಾಲ್ವರಿಂದ ಒಬ್ಬೊಬ್ಬರಾಗಿಯೇ ಯೋಚಿಸಿಸಿ, ಅನಂತರ ಅವರ ಪಟ್ಟಿಗಳನ್ನು ಕೂಡಿಸಿದರು. ಒಂಟಿಯಾಗಿ ಯೋಚಿಸಿದವರ ಕೂಡಿಸಿದ ಪಟ್ಟಿಯೇ ದೊಡ್ಡದಾಯಿತು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಗುಂಪಿನಲ್ಲಿ ಒಬ್ಬನು ಮಾತಾಡುವಾಗ ಇನ್ನೊಬ್ಬನ ಯೋಚನೆ ಕಾಯಬೇಕು, ಕಾಯುತ್ತ ಆರಿಹೋಗುತ್ತದೆ. ನಕ್ಕಾರೆಂಬ ಭಯ ಬೇರೆ. ಮೊದಲು ಒಂಟಿಯಾಗಿ ಬರೆದು, ಬಳಿಕ ಕೂಡಿ ತೂಗುವುದೇ ಲೇಸು. ಆದರೆ ಒಂಟಿಯಾಗಿ ಕುಳಿತ ಮಾತ್ರಕ್ಕೆ ಯೋಚನೆ ಹುಟ್ಟುವುದೂ ಇಲ್ಲ. ಬರಿಯ ಗೋಡೆಯನ್ನು ನೋಡುತ್ತ ಕುಳಿತವನಿಗೆ ಗೋಡೆಯೇ ಕಾಣುತ್ತದೆ.

ಕಮ್ಮಟದ ಮೇಷ್ಟರು ಮಾರನೆಯ ದಿನ ಮಕ್ಕಳಿಗೆ ಬೇರೊಂದು ವೃತ್ತಾಂತವನ್ನು ಹೇಳಿದರು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1998ರಲ್ಲಿ ನೀಲ್ ಗರ್ಷನ್‌ಫೆಲ್ಡ್ ಎಂಬ ಭೌತವಿಜ್ಞಾನಿ ಒಂದು ತರಗತಿಯನ್ನು ಆರಂಭಿಸಿದರು. ‘ಬಹುಮಟ್ಟಿಗೆ ಏನನ್ನು ಬೇಕಾದರೂ ಮಾಡುವುದು ಹೇಗೆ’ ಎಂಬುದು ಅದರ ಹೆಸರು. ದೊಡ್ಡ ಯಂತ್ರಗಳನ್ನು ಬಳಸಲು ಕಲಿಯಬೇಕಾದ ಹತ್ತು ಮಂದಿ ಸಂಶೋಧನ ವಿದ್ಯಾರ್ಥಿಗಳಿಗಾಗಿ ಇಟ್ಟ ಪಾಠವದು. ಬಂದು ನಿಂತವರು ಸುಮಾರು ನೂರು ಮಂದಿ. ಶಿಲ್ಪಿಗಳು, ವಾಸ್ತುಶಿಲ್ಪಿಗಳು, ಯಂತ್ರವಿದ್ಯೆಯ ಗಂಧವಿಲ್ಲದವರು ಸಹ ಬಂದರು. ವಾರಕ್ಕೊಂದು ಕೌಶಲದಂತೆ ಕತ್ತರಿಸುವುದು, ಎರಕ ಹೊಯ್ಯುವುದು, ವಿದ್ಯುತ್ ಫಲಕವನ್ನು ಕೊರೆಯುವುದು ಇವನ್ನೆಲ್ಲ ಕಲಿತು, ಕೊನೆಗೆ ಎಲ್ಲವನ್ನೂ ಸೇರಿಸಿ ತಮ್ಮದೇ ಕೃತಿಯೊಂದನ್ನು ಮಾಡಿ ತೋರಿಸಬೇಕಾಗಿತ್ತು.

ಅವರು ಮಾಡಿದ್ದೇನು? ಕೆಲ್ಲಿ ಡಾಬ್ಸನ್ ಎಂಬ ಕಲಾವಿದೆ ಎದೆಗೆ ಕಟ್ಟಿಕೊಳ್ಳುವ ಒಂದು ಚೀಲವನ್ನು ಮಾಡಿದರು. ಕಿರಿಚಬೇಕೆನ್ನಿಸಿದರೂ ಕಿರಿಚಲಾಗದ ಸ್ಥಳದಲ್ಲಿ ಅದರೊಳಕ್ಕೆ ಕಿರಿಚಬಹುದು. ಹೊರಗೆ ಯಾರಿಗೂ ಕೇಳಿಸದು. ಅನುಕೂಲವಾದ ಕಡೆ ಅದೇ ಕೂಗನ್ನು ಬಿಡುಗಡೆ ಮಾಡಬಹುದು. ಮೀಜಿನ್ ಯೂನ್ ಎಂಬ ವಾಸ್ತುಶಿಲ್ಪಿ ಒಂದು ಉಡುಪನ್ನು ಮಾಡಿದರು. ಅಪರಿಚಿತರು ತೀರ ಹತ್ತಿರ ಬಂದರೆ ಅದರ ಮುಳ್ಳುಗಳು ಮುಳ್ಳುಹಂದಿಯಂತೆ ನಿಮಿರುತ್ತಿದ್ದವು. ಇನ್ನೊಬ್ಬರು ಒಂದು ಗಡಿಯಾರವನ್ನು ಮಾಡಿದರು. ಅದರೊಡನೆ ಕುಸ್ತಿ ಮಾಡಿ ಗೆದ್ದು, ಎಚ್ಚರವಾಗಿರುವುದನ್ನು ಸಾಬೀತುಪಡಿಸಿದ ಹೊರತು ಅದು ಬಡಿಯುವುದನ್ನು ನಿಲ್ಲಿಸದು. ಮತ್ತೊಂದು ಕೃತಿಯಿಂದ ಗಿಳಿಗಳು ಅಂತರಜಾಲದಲ್ಲಿ ವಿಹರಿಸಬಹುದಾಗಿತ್ತು.

ಮಕ್ಕಳು ನಕ್ಕರು; ಯಾರಾದರೂ ನಗುವಂಥದ್ದೇ. ಆದರೆ ಈ ನಗೆಯ ಕೆಳಗೆ ಒಂದು ಗಂಭೀರ ವಿಷಯವಿದೆ. ಕಾರ್ಖಾನೆಯವನು ಲಕ್ಷ ಮಂದಿಗೆ ಬೇಕಾದುದನ್ನು ಮಾಡಬೇಕು. ಇಲ್ಲವಾದರೆ ಅವನು ಬದುಕಲಾರ. ಲಕ್ಷ ಮಂದಿಗೆ ಬೇಡದ, ಒಬ್ಬನೇ ಒಬ್ಬನಿಗೆ ಬೇಕಾದ ವಸ್ತುವನ್ನು ಅವನು ಮಾಡಲೊಲ್ಲ. ಆ ವಿದ್ಯಾರ್ಥಿಗಳು ಮಾಡಿದ್ದು ಅಂಗಡಿಯಲ್ಲಿ ದೊರೆಯದ, ಒಬ್ಬರ ಬಾಳಿನ ಮುಳ್ಳೊಂದನ್ನು ಕೀಳುವ ವಸ್ತುಗಳನ್ನು. ಕಿರಿಚಬೇಕೆನ್ನಿಸಿದವಳಿಗೇ ಕಿರಿಚುವ ಚೀಲ ಹೊಳೆಯಿತು. ಬೆಳಗ್ಗೆ ಏಳಲಾರದವನಿಗೆ ಕುಸ್ತಿಯ ಗಡಿಯಾರ ಬೇಕು. ತರಗತಿಯ ಹೆಸರಿನಲ್ಲಿ ‘ಹೇಗೆ’ ಎಂದಿದ್ದರೂ ಅದರ ಜೀವವಿದ್ದುದು ‘ಏಕೆ’ ಎಂಬುದರಲ್ಲಿ.

ಹಾಗಾದರೆ ತನ್ನ ತನ್ನ ಬಯಕೆಯನ್ನು ಪೂರೈಸಿಕೊಂಡರೆ ಸಾಕೇ? ಇದಕ್ಕೆ ಇನ್ನೊಂದು ಪಕ್ಕವೂ ಉಂಟು, ಅದರ ನಿದರ್ಶನಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ, ಗ್ರಾಮಗಳಿಗೆ ವಿಜ್ಞಾನವನ್ನು ಒಯ್ಯಲು ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಜಗತ್ತಿನ ದೊಡ್ಡ ದೊಡ್ಡ ಪ್ರಶ್ನೆಗಳನ್ನು ಬಲ್ಲ ವಿದ್ವಾಂಸರು ಅವರು. ತಮಗೆ ತೋಚಿದ ಯಂತ್ರವೊಂದನ್ನು ಮಾಡಿ ಹಳ್ಳಿಗೆ ಹೊರಿಸಿ ಬರಬಹುದಾಗಿತ್ತು. ಹಾಗೆ ಮಾಡದೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ನೆಲೆಯೂರಿ, ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಲೆಕ್ಕ ಹಿಡಿದರು: ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತದೆ, ಅದನ್ನು ಹೊರುವವರು ಯಾರು?

ಲೆಕ್ಕ ಹೇಳಿದ್ದು ಯಾರೂ ಗಮನಿಸದ ಸತ್ಯವನ್ನು. ಹಳ್ಳಿಯ ಶಕ್ತಿಯ ಬಹುಭಾಗ ನೀರೆತ್ತುವ ಪಂಪಿಗೂ ಹೋಗುತ್ತಿರಲಿಲ್ಲ, ದೀಪಕ್ಕೂ ಹೋಗುತ್ತಿರಲಿಲ್ಲ. ಸೌದೆಯ ರೂಪದಲ್ಲಿ ಅಡಿಗೆಯ ಒಲೆಗೆ ಹೋಗುತ್ತಿತ್ತು. ಸೌದೆಯನ್ನು ಆಯ್ದು ತಲೆಯ ಮೇಲೆ ಹೊತ್ತು ತರುತ್ತಿದ್ದವರಲ್ಲಿ ಹೆಂಗಸರೂ ಮಕ್ಕಳೂ ಬಹಳ. ಹೊಗೆಯನ್ನು ಕುಡಿಯುತ್ತಿದ್ದವರೂ ಅವರೇ. ಆ ಲೆಕ್ಕದ ಫಲವಾಗಿಯೇ ‘ಅಸ್ತ್ರ ಒಲೆ’ ಬಂದಿತು: ಒಂದೇ ಉರಿಯಿಂದ ಮೂರು ಪಾತ್ರೆಗಳಿಗೆ ಕಾವು, ಹೊಗೆಯನ್ನು ಮನೆಯ ಹೊರಗೆ ಕಳುಹಿಸುವ ಕೊಳವೆ, ಕಡಿಮೆ ಸೌದೆ. ಆಕಾಶಕ್ಕೆ ಹಾರಿಸುವ ವಿದ್ಯೆಯನ್ನು ಕಲಿಸುವ ಸಂಸ್ಥೆಯ ಆವರಣದಲ್ಲಿ ಒಲೆ! ಆದರೆ ಅದನ್ನು ಹುಡುಕಿಕೊಟ್ಟದ್ದು ಬಿರುಗಾಳಿಯಲ್ಲ, ಬೆವರು ಒರೆಸಿಕೊಳ್ಳುತ್ತ ಕೇಳಿದ ಪ್ರಶ್ನೆಗಳು. ಪುಣೆಯ ಬಳಿಯ ಪಾಬಳ್ ಗ್ರಾಮದಲ್ಲಿ ಡಾಕ್ಟರ್ ಶ್ರೀನಾಥ ಕಲಬಾಗ್ ಎಂಬ ವಿಜ್ಞಾನಿ 1983ರಲ್ಲಿ ಸ್ಥಾಪಿಸಿದ ವಿಜ್ಞಾನಾಶ್ರಮದ ದಾರಿಯೂ ಅದೇ. ಶಾಲೆಯನ್ನು ಬಿಟ್ಟ ಹುಡುಗರು ಅಲ್ಲಿ ಊರಿಗೆ ಬೇಕಾದ ಕೆಲಸಗಳನ್ನು ಮಾಡುತ್ತಲೇ ಕಲಿತರು. ಗರ್ಷನ್‌ಫೆಲ್ಡರ ಕಮ್ಮಟದ ಮಾದರಿ 2002ರಲ್ಲಿ ಅಮೆರಿಕದ ಹೊರಗೆ ಮೊದಮೊದಲು ಬೇರು ಬಿಟ್ಟ ಸ್ಥಳಗಳಲ್ಲಿ ಆ ಹಳ್ಳಿಯೂ ಒಂದು.

ಮೇಷ್ಟರು ಕೊನೆಗೆ ಮಕ್ಕಳಿಗೆ ಕೊಟ್ಟ ಕೆಲಸ ಸರಳವಾಗಿತ್ತು. ಮೂರು ದಿನ ಯಾರೂ ಏನನ್ನೂ ಯೋಚಿಸಕೂಡದು. ಮನೆಯಲ್ಲಿ ಯಾರ ಕೈ ಎಲ್ಲಿ ತಡೆಯುತ್ತದೆಂದು ನೋಡಿ ಬರೆಯಬೇಕು. ವಸ್ತುಗಳ ಹೆಸರನ್ನಲ್ಲ, ಕಷ್ಟಗಳ ಹೆಸರನ್ನು.

ಹುಡುಗಿ ಬರೆದಳು. ಮೇಲಿನ ತೊಟ್ಟಿ ತುಂಬಿ ನೀರು ಬೀದಿಗೆ ಹರಿದದ್ದು ವಾರಕ್ಕೆ ಎರಡು ಬಾರಿ. ತಾಯಿ ಕನ್ನಡಕವನ್ನು ಹುಡುಕಿದ್ದು ದಿನಕ್ಕೆ ಮೂರು ಬಾರಿ. ತಂದೆ ಸ್ಕೂಟರಿನ ಬೀಗದ ಕೈಗಾಗಿ ಮನೆಯನ್ನೆಲ್ಲ ತಲೆಕೆಳಗು ಮಾಡಿದ್ದು ನಿತ್ಯ. ಮೂರನೆಯ ದಿನದ ಮಧ್ಯಾಹ್ನ, ಶಾಲೆಗೆ ರಜೆಯಿದ್ದುದರಿಂದ, ಅವಳು ಅಜ್ಜಿಯ ಪಕ್ಕದಲ್ಲಿ ಕುಳಿತು ಅವರೆಕಾಳನ್ನು ಹಿಸುಕತೊಡಗಿದಳು. ಆಗ ಅವಳಿಗೆ ಒಂದು ವಿಚಿತ್ರ ಕಂಡಿತು. ಅಜ್ಜಿ ಎರಡು ಕಾಳು ಹಿಸುಕುವರು, ತಲೆಯೆತ್ತಿ ಬೀದಿಯ ಬಾಗಿಲನ್ನು ನೋಡುವರು. ಮತ್ತೆರಡು ಕಾಳು, ಮತ್ತೊಮ್ಮೆ ಬಾಗಿಲು. ಊಟವಾದ ಮೇಲೆ ಅರ್ಧ ಗಂಟೆ ಮಲಗುತ್ತಿದ್ದವರು ಈಚೆಗೆ ಮಲಗುವುದನ್ನೂ ಬಿಟ್ಟಿದ್ದರು. ವಯಸ್ಸಾದವರಿಗೆ ನಿದ್ರೆ ಕಡಿಮೆಯೆಂದು ಮನೆಯವರು ಸಮಾಧಾನ ಮಾಡಿಕೊಂಡಿದ್ದರು.

ಹುಡುಗಿ ಕಿವಿಯ ಬಳಿ ಬಾಗಿ ಕೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಉತ್ತರ ಕೊಡಲಿಲ್ಲ. ಬಳಿಕ, ಶ್ರಾವಣದಲ್ಲಿ ಅವರ ತಂಗಿ ತುಮಕೂರಿನಿಂದ ಹೇಳದೆ ಕೇಳದೆ ಬಂದು, ಬಾಗಿಲಿನ ಗಂಟೆಯನ್ನು ಒತ್ತಿ ಒತ್ತಿ, ಕಾಲು ಗಂಟೆ ಬಿಸಿಲಿನಲ್ಲಿ ನಿಂತು, ಮನೆಯಲ್ಲಿ ಯಾರೂ ಇಲ್ಲವೆಂದು ಹಿಂತಿರುಗಿದ್ದನ್ನು ಹೇಳಿದರು. ಒಳಗೆ ಅಜ್ಜಿ ಮಲಗಿದ್ದರು. ಅಂದಿನಿಂದ ಅವರು ಮಧ್ಯಾಹ್ನ ಕಣ್ಣು ಮುಚ್ಚಿರಲಿಲ್ಲ. ಐದು ತಿಂಗಳಿನಿಂದ ಅವರು ಆ ಬಾಗಿಲನ್ನು ಕಾಯುತ್ತಿದ್ದುದು ಅದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ನಾಲ್ವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಏನು ಮಾಡುವುದೆಂಬ ಪ್ರಶ್ನೆ ಅಲ್ಲಿಗೆ ಮುಗಿಯಿತೆಂದು ಓದುಗರು ಭಾವಿಸಬಹುದು. ಮುಗಿಯಲಿಲ್ಲ. ಕಷ್ಟವನ್ನು ಕಂಡುಕೊಂಡದ್ದು ಅರ್ಧ ದಾರಿ ಮಾತ್ರ. ಪರಿಹಾರವನ್ನು ಮೊದಲ ಸಲಕ್ಕೇ ಸರಿಯಾಗಿ ಊಹಿಸಿದವರು ವಿರಳ. ಹುಡುಗಿಗೆ ಮೊದಲು ಹೊಳೆದದ್ದು ದೀಪ. ಗಂಟೆಯಾದರೆ ಗೋಡೆಯ ಮೇಲೊಂದು ಕೆಂಪು ದೀಪ ಬೆಳಗಬೇಕು. ಅದನ್ನು ಕೇಳಿ ಅಜ್ಜಿ ನಕ್ಕರು. ತಲೆ ತಗ್ಗಿಸಿ ಕಾಳು ಹಿಸುಕುವವಳಿಗೆ ಗೋಡೆ ಕಾಣುವುದೆಲ್ಲಿ, ಮಲಗಿದವಳಿಗೆ ದೀಪ ಕಾಣುವುದೆಲ್ಲಿ ಎಂಬುದು ಅವರ ಪ್ರಶ್ನೆ. ಒಂದು ವಾರ ಬರೆದ ನಕ್ಷೆ ಒಂದು ಮಾತಿಗೆ ಬಿದ್ದುಹೋಯಿತು. ಆದರೆ ಕಾಗದದ ಮೇಲೆ ಬಿದ್ದದ್ದಕ್ಕೆ ಖರ್ಚಾದದ್ದು ಕಾಗದ ಮಾತ್ರ. ದೀಪವನ್ನು ಕಟ್ಟಿ ಮುಗಿಸಿದ ಮೇಲೆ ಕೇಳಿದ್ದರೆ ನಷ್ಟ ದೊಡ್ಡದಾಗುತ್ತಿತ್ತು.

ಎರಡನೆಯದು ಮಣೆ. ಅಜ್ಜಿ ಕೂರುವ ಹಲಸಿನ ಮಣೆಯ ಕೆಳಗೆ ಮೋಟಾರನ್ನಿಟ್ಟು ಅದನ್ನು ಅಲುಗಿಸುವುದು. ಮೊಬೈಲ್ ಫೋನು ಜೇಬಿನಲ್ಲಿ ನಡುಗುವುದು ಹೇಗೋ ಹಾಗೆ: ಮೋಟಾರಿನ ದಂಡಕ್ಕೆ ಒಂದು ಪಕ್ಕದಲ್ಲಿ ಮಾತ್ರ ಭಾರವನ್ನು ಕಟ್ಟಿದರೆ, ತಿರುಗುವಾಗ ಅದು ತೂಕ ತಪ್ಪಿ ನಡುಗುತ್ತದೆ. ಗಂಟೆಯ ಶಬ್ದವನ್ನು ಅರಿಯಲು ಒಂದು ಶಬ್ದಸಂವೇದಕ. ಅದರಿಂದ 230 ವೋಲ್ಟನ್ನು ಮುಟ್ಟುವ ಪ್ರಮೇಯವೂ ಇಲ್ಲ. ಹಳೆಯ ಫೋನಿನ ಪುಟ್ಟ ಮೋಟಾರಿಗೆ ಹಲಸಿನ ಮರ ಜಗ್ಗಲಿಲ್ಲ. ಆಟಿಕೆಯ ಕಾರಿನ ಮೋಟಾರನ್ನು ಹಾಕಿದಾಗ ಮಣೆ ಕುಣಿಯಿತು. ಅಜ್ಜಿ ಭೂಕಂಪವೆಂದು ಎದ್ದು ನಿಂತರು. ಅದಕ್ಕಿಂತ ದೊಡ್ಡ ತೊಡಕು ಮರುದಿನ ತಿಳಿಯಿತು. ಶಬ್ದಸಂವೇದಕಕ್ಕೆ ಬಾಗಿಲಿನ ಗಂಟೆಗೂ ಅಡಿಗೆಮನೆಯ ಕುಕ್ಕರಿನ ಸೀಟಿಗೂ ಭೇದ ತಿಳಿಯದು. ಬೇಳೆ ಬೇಯುವ ಹೊತ್ತಿಗೆ ಅಜ್ಜಿ ಮೂರು ಬಾರಿ ಹೋಗಿ ಬಾಗಿಲು ತೆರೆದು ಬಂದಿದ್ದರು.

ಗಣಪತಿಯನ್ನು ಮಾಡಹೊರಟು ಕೋತಿಯಾಯಿತೆಂದು ಗಾದೆ ನಗುತ್ತದೆ. ಆದರೆ ಕೋತಿಯನ್ನು ಮಾಡಿದವನ ಕೈಗೆ ಮಣ್ಣಿನ ಗುಣ ತಿಳಿದಿರುತ್ತದೆ. ಸುಮ್ಮನೆ ಕುಳಿತವನಿಗೆ ಅದೂ ಇಲ್ಲ. ಗರ್ಷನ್‌ಫೆಲ್ಡರ ತರಗತಿಯಿಂದ ಬೆಳೆದು ಈಗ ಹಲವು ದೇಶಗಳಲ್ಲಿ ನಡೆಯುವ ‘ಫ್ಯಾಬ್ ಅಕಾಡೆಮಿ’ಯಲ್ಲಿ ವಿದ್ಯಾರ್ಥಿಯು ಮೊದಲನೆಯ ವಾರವೇ ಕೊನೆಯ ಕೃತಿಯ ನಕ್ಷೆಯನ್ನು ಬರೆಯಬೇಕು. ಅದು ಬದಲಾಗಬಹುದೆಂದು ತಿಳಿದೇ ಬರೆಸುತ್ತಾರೆ. ಬಳಿಕ ಅವನನ್ನು ಕೇಳುವ ಪ್ರಶ್ನೆಗಳು ಇಂಥವು: ಇದು ಏನು ಮಾಡುತ್ತದೆ? ಹಿಂದೆ ಯಾರು ಇಂಥದ್ದನ್ನು ಮಾಡಿದ್ದಾರೆ? ಯಾವ ಸಾಮಗ್ರಿ, ಎಲ್ಲಿಂದ ಬರುತ್ತದೆ, ಎಷ್ಟು ಖರ್ಚು? ಯಾವ ಭಾಗವನ್ನು ನೀನೇ ಮಾಡುವೆ? ಸಫಲವಾಯಿತೆಂದು ತಿಳಿಯುವುದು ಹೇಗೆ? ಕೆಲಸದ ಕ್ರಮಕ್ಕೆ ಅವರು ಕೊಡುವ ಉಪಮೆ ಸುರುಳಿಯದು. ಮೊದಲ ಸುತ್ತಿನಲ್ಲಿ ಅತ್ಯಂತ ಸಣ್ಣದಾಗಿ, ಆದರೆ ಆರಂಭದಿಂದ ಕೊನೆಯವರೆಗೆ ಕೆಲಸ ಮಾಡುವಂತೆ ಮುಗಿಸಬೇಕು. ಮುಂದಿನ ಸುತ್ತಿನಲ್ಲಿ ಅದನ್ನೇ ಹಿಗ್ಗಿಸಬೇಕು. ರಂಗೋಲಿಯಲ್ಲಿ ನಡುವಿನ ಚುಕ್ಕಿಯಿಂದ ಹೊರಕ್ಕೆ ಬಿಡಿಸಿದಂತೆ, ಎಲ್ಲಿ ನಿಲ್ಲಿಸಿದರೂ ಒಂದು ಆಕಾರ ಉಳಿದಿರಬೇಕು.

ಹುಡುಗಿಯ ಮೂರನೆಯ ಸುತ್ತು ಅಜ್ಜಿಯಿಂದಲೇ ಬಂದಿತು. ‘ಮಣೆ ನನ್ನ ಹಿಂದೆ ತಿರುಗುತ್ತದೆಯೇನೇ? ನಾನು ಹಿತ್ತಲಿಗೆ ಹೋಗುತ್ತೇನೆ, ದೇವರ ಮನೆಗೆ ಹೋಗುತ್ತೇನೆ. ನನ್ನ ಜೊತೆಗೆ ತಿರುಗುವುದು ಇದೊಂದೇ’ ಎಂದು ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆಯ ಸಂಚಿಯನ್ನು ತಟ್ಟಿ ತೋರಿಸಿದರು. ಮನೆಯ ಮಹಾಸಭೆಗೂ, ಬಿರುಗಾಳಿಗೂ, ಪುಸ್ತಕಕ್ಕೂ ಹೊಳೆಯದ ಮಾತು ಅದು. ಮಲಗುವಾಗಲೂ ಸಂಚಿ ಸೊಂಟದಲ್ಲಿಯೇ ಇರುತ್ತದೆ. ಫೋನಿನ ಪುಟ್ಟ ಮೋಟಾರಿನ ನಡುಕ ಹಲಸಿನ ಮರಕ್ಕೆ ಸಾಲದಿದ್ದರೂ ಮೈಗೆ ಸಾಕು.

ಮುಂದಿನದು ಕೈಗೆಲಸ. ಹಳೆಯ ಗಂಟೆಯನ್ನು ವಿದ್ಯುತ್ ಕೆಲಸದವರಿಂದ ಬಿಚ್ಚಿಸಿ, ಬಾಗಿಲಿಗೆ ಬ್ಯಾಟರಿಯಿಂದ ನಡೆಯುವ ತನ್ನದೇ ಗುಂಡಿಯನ್ನು ಕೂರಿಸಿದಳು. ಗುಂಡಿಯನ್ನು ಒತ್ತಿದರೆ ಒಂದು ಕಿರು ರೇಡಿಯೋ ಪ್ರೇಷಕ ಸಂಕೇತವನ್ನು ಕಳುಹಿಸುತ್ತದೆ. ನಡುಮನೆಯಲ್ಲಿ ಎಲ್ಲರಿಗಾಗಿ ಗಂಟೆ ಬಾರಿಸುತ್ತದೆ. ಸಂಚಿಯೊಳಗಿನ ಪೆಟ್ಟಿಗೆ ಎರಡು ಬಾರಿ ಮೆಲ್ಲಗೆ ನಡುಗುತ್ತದೆ. ಕುಕ್ಕರು ಎಷ್ಟು ಕೂಗಿದರೂ ಅದಕ್ಕೆ ಚಿಂತೆಯಿಲ್ಲ. ಪೆಟ್ಟಿಗೆಯನ್ನು ಮುದ್ರಣಯಂತ್ರದಲ್ಲಿ ಎರೆದು ತೆಗೆಯುವಾಗ ಮೂಲೆಗಳನ್ನು ದುಂಡಗೆ ಮಾಡಿದಳು, ಮಲಗಿದಾಗ ಒತ್ತಬಾರದಲ್ಲ. ಅಡಿಕೆಪುಡಿ ಒಳಹೋಗದಂತೆ ಮುಚ್ಚಳವನ್ನು ಬಿಗಿಮಾಡಿದಳು. ಈ ಅಗತ್ಯವನ್ನು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ಊಟದ ಮೇಜಿನ ಮೇಲೆ ಬೆಸುಗೆಯ ಕಲೆ ಒಂದು ಬಿದ್ದಿತು. ತಾಯಿಯವರು ಅದನ್ನು ನೋಡಿಯೂ ನೋಡದಂತಿದ್ದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು, ಕಿವಿ ಕೇಳದವರಿಗಾಗಿ ನಡುಗುವ ಗಂಟೆಗಳು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೇ ಎಂದು ಕೇಳಿದರು. ಸಿಗುತ್ತವೆ ಎಂದು ಹುಡುಗಿ ಒಪ್ಪಿಕೊಂಡಳು. ತಾನು ಮಾಡಿದ್ದು ಅಜ್ಜಿಯ ಸಂಚಿಯಲ್ಲಿ ಹಿಡಿಸುವಂಥದ್ದು ಎಂದಳು. ಇದರಲ್ಲಿ ಹೊಸತೇನೆಂದು ಅವರು ಕೇಳಿದ್ದಕ್ಕೆ ಅವಳಿಗೆ ತಕ್ಷಣ ಉತ್ತರ ತೋಚಲಿಲ್ಲ. ಮೊದಲ ಬಹುಮಾನ ಕಪ್ಪು ಗೆರೆಯ ಮೇಲೆ ಓಡುವ ಗಾಡಿಗೆ ಹೋಯಿತು. ಅದು ನಿಜವಾಗಿಯೂ ಚೆನ್ನಾಗಿ ಓಡಿತು, ಮಾಡಿದ ಹುಡುಗ ಶ್ರಮಪಟ್ಟಿದ್ದನು. ಆ ತೀರ್ಪಿನಲ್ಲಿ ಅನ್ಯಾಯವಿಲ್ಲ. ಅಂಕಗಳನ್ನು ಕೊಡುವವರು ವಸ್ತುವನ್ನು ಒಂದು ಗಂಟೆ ನೋಡುತ್ತಾರೆ. ಅದರೊಡನೆ ಬಾಳುವವರ ಲೆಕ್ಕ ಬೇರೆ.

ಪ್ರದರ್ಶನ ಮುಗಿದ ವಾರದಲ್ಲಿ ಅಜ್ಜಿ ಮಧ್ಯಾಹ್ನ ಮಲಗಲು ಆರಂಭಿಸಿದರು. ತುಮಕೂರಿನ ತಂಗಿಗೆ ದೂರವಾಣಿ ಮಾಡಿಸಿ, ಹೇಳದೆ ಕೇಳದೆ ಬರಬೇಕೆಂದು ಕರಾರು ಹಾಕಿ ಕರೆದರು. ಸಂಚಿಯ ಪೆಟ್ಟಿಗೆ ಸದಾ ಸಂಕೇತಕ್ಕಾಗಿ ಕಿವಿಗೊಟ್ಟಿರಬೇಕಾದ್ದರಿಂದ ಅದರ ಬ್ಯಾಟರಿ ನಾಲ್ಕು ದಿನಕ್ಕಿಂತ ಹೆಚ್ಚು ಬಾಳದು. ನಾಲ್ಕು ದಿನಕ್ಕೊಮ್ಮೆ, ರಾತ್ರಿ ಓದು ಮುಗಿದ ಮೇಲೆ, ಹುಡುಗಿ ಅಜ್ಜಿಯ ಸೊಂಟದಿಂದ ಸಂಚಿಯನ್ನು ಬಿಡಿಸಿಕೊಂಡು, ಅಡಿಕೆಪುಡಿಯನ್ನು ಕೊಡವಿ, ಪೆಟ್ಟಿಗೆಗೆ ವಿದ್ಯುತ್ತು ತುಂಬಲು ಹಚ್ಚಿ, ಬೆಳಗ್ಗೆ ಮರಳಿ ಸಿಕ್ಕಿಸುತ್ತಾಳೆ. ಅಂಕಪಟ್ಟಿಯಲ್ಲಿ ಈ ಕೆಲಸಕ್ಕೆ ಅಂಕಣವಿಲ್ಲ.